ತೊಟ್ಟಿಲು ಮಾರುವ ಕೈ

"ಅಯ್ಯೋ, ಖಾಲಿ ತೊಟ್ಟಿಲು ತೂಗಬಾರದು ಕಣಮ್ಮಾ!" ಎನ್ನುತ್ತ ಆಯ್ದಿನ್ ತೊಟ್ಟಿಲಿನ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದಳು. ಫೋನು ನೋಡುತ್ತಲೇ ಕೈ ಚಾಚಿದ್ದ ಹುಡುಗಿ ಬೆಚ್ಚಿದಳು; ಜೊತೆಗಿದ್ದ ಅವಳ ತಾಯಿ, ವಯಸ್ಸಾದಾಕೆ, ಮೆಚ್ಚಿ ತಲೆದೂಗಿದಳು. ಆಯ್ದಿನ್ ತನ್ನ ಬುತ್ತಿಯ ದುಂಡನೆಯ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಮಲಗಿಸುವಂತೆ ಒಳಗೆ ಮಲಗಿಸಿದಳು.

"ಈಗ ತೂಗಿ ನೋಡಿ."

ತೊಟ್ಟಿಲು ಸದ್ದಿಲ್ಲದೆ ತೂಗಿತು. ಅಂಗಡಿಯ ಹಿಂಬದಿಯಲ್ಲಿ ತುರ್ದಿಕುಲ್ ಉಳಿಯನ್ನು ಕೆಳಗಿಟ್ಟು ನೋಡುತ್ತಿದ್ದ.

ಗಾಳಿಗೆ ಹೆಸರಾದ ಕೋಕಂದ ಪಟ್ಟಣದ ಪೇಟೆಯಲ್ಲಿ ಅವನು ತೊಟ್ಟಿಲು ಮಾಡಿದವನೇ ಹೊರತು ಮಾರಿದವನಲ್ಲ. ಮಾರುತ್ತಿದ್ದವಳು ಹೆಂಡತಿ ಶರಾಫತ್. ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳೆಂದು, ಕೊಳ್ಳಲು ಬಂದವರು ಮೊದಲು ಅವಳ ತೋಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದು ಅವಳು ಹಾಸಿಗೆ ಹಿಡಿದಳು, ಮಾತು ನಿಂತುಹೋಯಿತು. ಅಂದಿನಿಂದ ಅವನು ಮಾಡಿಟ್ಟ ಬಾಗುಗಾಲಿನ ತೊಟ್ಟಿಲುಗಳು, ಯಾರೂ ಓದದ ಸಾಲುಗಳಂತೆ, ಗೋಡೆಯುದ್ದಕ್ಕೂ ನಿಂತುಬಿಟ್ಟಿದ್ದವು.

ಸಂಬಳದ ಆಳನ್ನು ಆ ಅಂಗಡಿ ಈವರೆಗೆ ಕಂಡಿರಲಿಲ್ಲ. ಬೆಳಿಗ್ಗೆ ಕೆಲಸ ಕೇಳಿಕೊಂಡು ಬಂದ ಆಯ್ದಿನ್‌ಗೆ ಅವನು, "ಸಂಜೆವರೆಗೂ ನಿಂತು ನೋಡು, ಆಮೇಲೆ ಹೇಳ್ತೀನಿ," ಎಂದಿದ್ದ. ಮಕ್ಕಳೆಷ್ಟು ಎಂದದ್ದಕ್ಕೆ ಅವಳು, "ಇಲ್ಲ ಅಪ್ಪಾ. ಅದಕ್ಕೇ ಗಂಡ ಬಿಟ್ಟ. ಅದಕ್ಕೇ ಕೆಲಸ ಬೇಕಾಗಿದೆ," ಎಂದಿದ್ದಳು. ಬೇಡ ಎನ್ನಲೂ ಅವನಲ್ಲಿ ತ್ರಾಣವಿರಲಿಲ್ಲ. ಎದುರಿನ ಚಾಕು ಅಂಗಡಿಯ ಎರ್ಗಾಶ್ ಮಾತ್ರ ಎಲ್ಲ ಕೇಳಿಸಿಕೊಂಡು ನಕ್ಕಿದ್ದ: "ಏನಣ್ಣಾ, ಬೋಳುತಲೆಯವನನ್ನ ಕೂರಿಸಿ ಬಾಚಣಿಗೆ ಮಾರಿಸ್ತೀಯಾ?"

"ದೊಡ್ಡ ಮಗಳಿಗೆ ಚೊಚ್ಚಿಲ ಕೂಸು. ಇದನ್ನೇ ಒಯ್ತೀನಿ," ಎಂದಳು ಮುದುಕಿ. "ಹಾಂ, ನಿನಗೆಷ್ಟು ಮಕ್ಕಳವ್ವಾ?"

ಆಯ್ದಿನ್ ಬಾಯಿ ತೆರೆದಳು.

"ಮೂರು," ಎಂದುಬಿಟ್ಟ ತುರ್ದಿಕುಲ್ ಹಿಂದಿನಿಂದ. "ಮೂರೂ ಗಂಡು. ಒಂದಕ್ಕೂ ನೆಗಡಿ ಸಹ ಬಂದಿಲ್ಲ."

ಮುದುಕಿ ಆಯ್ದಿನ್‌ಳ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ತೋಳು ಮರದ ಹಾಗೆ ನಿಂತಿತ್ತು. ತೊಟ್ಟಿಲು ರೊಟ್ಟಿಯ ಸಮೇತ ಗಾಡಿ ಹತ್ತಿತು.

ಪೇಟೆ ಖಾಲಿಯಾಯಿತು. ಆಯ್ದಿನ್ ನೆಲದ ಮೇಲಿನ ಮರದ ಹೊಟ್ಟನ್ನು ಗುಡಿಸುತ್ತ, ತಲೆಯೆತ್ತದೆ ಹೇಳಿದಳು:

"ಅಪ್ಪಾ, ನನ್ನ ಬದಲಿಗೆ ನೀವು ಹೆರಬೇಡಿ."

"ವ್ಯಾಪಾರ ಆಯ್ತಲ್ಲ ಮಗಳೇ. ಚಳಿಗಾಲದಿಂದ ಇದೇ ಮೊದಲನೇದು."

"ಇಲ್ಲ ಅನ್ನೋದನ್ನ ಹೊತ್ತು ಹೊತ್ತು ಅಭ್ಯಾಸ ಆಗಿದೆ ನನಗೆ. ಇಲ್ಲದ ಮೂರು ಮಕ್ಕಳನ್ನ ದಿನಾ ಹೊರೋಕಾಗಲ್ಲ. ಇನ್ನು ಯಾರಾದ್ರೂ ಕೇಳಿದ್ರೆ ಇಲ್ಲ ಅಂತಲೇ ಹೇಳ್ತೀನಿ."

"ಎದ್ದು ಹೋಗ್ತಾರೆ."

"ಹೋಗ್ತಾರೆ. ಅದಕ್ಕೇ, ಬೇಡ ಅನ್ನೋದಿದ್ರೆ ಈಗಲೇ ಅಂದುಬಿಡಿ. ಬಸ್ಸು ಸಿಗುತ್ತೆ."

ತುರ್ದಿಕುಲ್ ಮಂಡಿ ಹಿಡಿದುಕೊಂಡು ಕೂತೇ ಇದ್ದ. ಮನೆಯಲ್ಲಿ ಶರಾಫತ್ ಕಣ್ಣಿನಲ್ಲೇ ಕೇಳುತ್ತಾಳೆ, ತೊಟ್ಟಿಲು ಮಾರಿಹೋಯಿತೇ ಎಂದು. ಇವತ್ತು ಹೌದೆನ್ನಬಹುದು. ನಾಳೆಯದನ್ನು ನೆನೆಯುವುದಕ್ಕೂ ದಣಿವಾಗಿತ್ತು ಅವನಿಗೆ.

ಅಷ್ಟರಲ್ಲಿ ಊರಿನ ಸಂಜೆಗಾಳಿ ಎದ್ದಿತು. ಬಾಗಿಲ ಬಳಿಯ ತೊಟ್ಟಿಲು ಮೊದಲು ಅಲುಗಿತು. ಅದರ ಪಕ್ಕದ್ದು, ಅದರಾಚೆಯದು, ಎಲ್ಲವೂ ಖಾಲಿ ಒಡಲಿನಲ್ಲಿ ತಾವಾಗಿಯೇ ತೂಗತೊಡಗಿದವು. ದಿನವೂ ಅಂಗಡಿ ಮುಚ್ಚುವ ಮುನ್ನ ಶರಾಫತ್ ಅವನ್ನು ಒಂದಕ್ಕೊಂದು ಬಿಗಿಯುತ್ತಿದ್ದ ಬಟ್ಟೆಪಟ್ಟಿಗಳು ಮೊಳೆಯಲ್ಲಿ ಧೂಳು ಹಿಡಿದು ತೂಗುಬಿದ್ದಿದ್ದವು. ಅವನು ಅವನ್ನು ಮರೆತೇಬಿಟ್ಟಿದ್ದ.

ಆಯ್ದಿನ್ ಕಸಬರಿಗೆ ಇಟ್ಟು ಓಡಿದಳು. ಯಾರೂ ಹೇಳದೆಯೇ ಪಟ್ಟಿಗಳನ್ನು ಕೊಡವಿ, ಮೊದಲ ತೊಟ್ಟಿಲಿನಿಂದ ಕಟ್ಟತೊಡಗಿದಳು. ಕೊನೆಯದರ ಆಚೆ ಬದಿ ಅವಳ ಕೈಗೆಟಕಲಿಲ್ಲ. ತುರ್ದಿಕುಲ್ ಎದ್ದು ಬಂದು ಪಟ್ಟಿಯ ಆ ತುದಿ ಹಿಡಿದ.

"ಗಟ್ಟಿಯಾಗಿ ಬಿಗಿ," ಎಂದ. "ಬೆಳಗಿನ ಗಾಳಿ ನಮಗಿಂತ ಮುಂಚೆ ಬಂದಿರುತ್ತೆ."

ಅವಳು ಇನ್ನೊಂದು ಗಂಟು ಹಾಕಿದಳು. ಹೊರಗೆ ಎರ್ಗಾಶನ ಅಂಗಡಿಯ ತಗಡು ಬಡಿದುಕೊಳ್ಳುತ್ತಿತ್ತು. ಧೂಳು ಬೀದಿಯುದ್ದಕ್ಕೂ ಸುಳಿಯುತ್ತಿತ್ತು. ಒಳಗೆ, ಗೋಡೆಯುದ್ದದ ಆ ಸಾಲಿನಲ್ಲಿ, ಒಂದೂ ಅಲುಗಲಿಲ್ಲ.