ಅತ್ತೆ ಹೊಗಳಿದ ಬೆಳಗ್ಗೆ

"ಈ ಕೈ ನಮ್ಮನೆಗೆ ಬಂದಿದ್ದು ನನ್ನ ಪುಣ್ಯ ಕಣೇ," ಎಂದು ಅತ್ತೆ ಸೊಸೆಯ ಬಲಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

ಹೆಂಗಸರ ವಾರ್ಡಿನಲ್ಲಿ ತಿಂಡಿ ಮುಗಿದು ಬಹಳ ಹೊತ್ತಾಗಿತ್ತು. ಸೊಸೆ ಅದೇ ವಾರ್ಡಿನ ಸಿಸ್ಟರ್. ಕಿಟಕಿ ಸಾಲಿನ ಬೆಡ್ಡುಗಳಿಗೆ ಔಷಧಿ ಕೊಟ್ಟು, ಗೋಡೆ ಸಾಲಿನಲ್ಲಿದ್ದ ಅತ್ತೆಯನ್ನು ತಲೆ ತಗ್ಗಿಸಿ ದಾಟಿಬಿಡುವ ಲೆಕ್ಕದಲ್ಲಿದ್ದಳು. ಅತ್ತೆಯೇ ಕೈ ಚಾಚಿ ತಡೆದಿದ್ದಳು. ತಡೆದದ್ದು ಬೈಯುವುದಕ್ಕಲ್ಲ ಎಂದು ತಿಳಿಯಲು ಸಿಸ್ಟರಿಗೆ ತುಸು ಹೊತ್ತು ಬೇಕಾಯಿತು.

ಮದುವೆಯಾಗಿ ಬಂದಂದಿನಿಂದ ಅತ್ತೆಯ ಬಾಯಿಂದ ಅವಳು ಒಂದು ಒಳ್ಳೆಯ ಮಾತು ಕೇಳಿದವಳಲ್ಲ. ಅಡುಗೆಗೆ ಉಪ್ಪು ಹೆಚ್ಚು, ನಡಿಗೆಯಲ್ಲಿ ಸದ್ದು ಹೆಚ್ಚು, ನಾಲಿಗೆಯಂತೂ ಇನ್ನೂ ಹೆಚ್ಚು. ಡ್ಯೂಟಿ ಮುಗಿದು ತಡವಾದ ದಿನ, ಊರವರ ಉಚ್ಚೆ ಬಾಚುವವಳಿಗೆ ಮನೆಯ ಒಲೆ ಎಲ್ಲಿ ನೆನಪಾಗುತ್ತದೆ ಎಂದು ನೆರೆಮನೆಗೆ ಕೇಳುವಂತೆ ಹೇಳುತ್ತಿದ್ದಳು. ಸೊಸೆಯೂ ನುಂಗಿಕೊಳ್ಳುವ ಪೈಕಿಯಲ್ಲ, ಒಂದಕ್ಕೆರಡು ತಿರುಗಿಸಿ ಕೊಡುತ್ತಿದ್ದಳು. ಸಕ್ಕರೆ ಕಾಯಿಲೆಯ ಮುದುಕಿಯ ಕಾಲಿನ ಹುಣ್ಣು ಕೀವಾಗಿ ಇದೇ ವಾರ್ಡಿಗೆ ಸೇರಿಸಬೇಕಾಗಿ ಬಂದಾಗ ಅವಳು ನೇರ ಹಿರಿಯ ಸಿಸ್ಟರ್ ಹತ್ತಿರ ಹೋಗಿ, ಗಾಯ ಬೇಕಾದರೆ ಕಟ್ಟುತ್ತೇನೆ, ಆ ಬಾಯಿ ಕಟ್ಟಲು ನನ್ನಿಂದಾಗದು, ಆ ಬೆಡ್ಡು ಬೇರೆಯವರಿಗೆ ಕೊಡಿ ಎಂದಿದ್ದಳು. ಹಾಗಾಗಿ ಗೋಡೆ ಸಾಲು, ಎಲ್ಲರೂ ಗಡಿಬಿಡಿ ಎಂದು ಕರೆಯುವ ನರ್ಸಿನ ಪಾಲಿಗೆ ಬಂದಿತ್ತು. ಗಡಿಬಿಡಿ ಕೆಲಸಗಳ್ಳಿಯಲ್ಲ. ನಡೆಯುವುದನ್ನು ಬಿಟ್ಟು ಓಡುವುದನ್ನೇ ಕಲಿತವಳು, ಅಷ್ಟೆ.

"ನಿನ್ನಂಥೋಳು ಹುಡುಕಿದ್ರೂ ಸಿಗಲ್ಲ. ನನ್ನ ಪುಣ್ಯ," ಎಂದಳು ಅತ್ತೆ. ಕಣ್ಣಲ್ಲಿ ನೀರು ತುಂಬಿತ್ತು.

ಪಕ್ಕದ ಬೆಡ್ಡಿನ ಹೆಂಗಸು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಹಿರಿಯರು ಸುಮ್ಮನೆ ಹೇಳಿದರಾ ಎಂದು ನಕ್ಕಳು. ತಾಯಿಯ ಬೆಡ್ಡಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಸೊಸೆಯ ಗಂಡ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಇಬ್ಬರು ಹೆಂಗಸರ ನಡುವೆ ಅಡಕತ್ತರಿಗೆ ಸಿಕ್ಕವನಂತೆ ಬದುಕಿದ ಮನುಷ್ಯ ಅವನು.

ಸಿಸ್ಟರ್ ಕೈ ಬಿಡಿಸಿಕೊಳ್ಳಲಿಲ್ಲ. ಔಷಧಿಯ ಗಾಡಿ ದಾರಿಗೆ ಅಡ್ಡ ನಿಂತಿತ್ತು. ಆದರೂ ನಿಂತಳು. ಇಷ್ಟು ವರ್ಷ ಹಲ್ಲು ಕಚ್ಚಿ ಜಗಳವಾಡಿದ್ದು ಇದೊಂದು ಮಾತಿಗಾಗಿಯೇ ಏನೋ ಅನ್ನಿಸಿತು.

ಹಿಡಿದ ಕೈಗಳು ಒದ್ದೆಯಾಗಿದ್ದವು. ಬೆಡ್ಡು ಫ್ಯಾನಿನ ಕೆಳಗೇ ಇತ್ತು. ಆದರೂ ಮುದುಕಿಯ ಹಣೆಯ ಮೇಲೆ, ಕತ್ತಿನ ಮಡಿಕೆಗಳಲ್ಲಿ ತಣ್ಣನೆಯ ಬೆವರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಮತ್ತೆ ಪುಣ್ಯ ಎಂದಳು. ಈ ಸಲ ಆ ಮಾತು ಬಾಯಲ್ಲೇ ಮುದ್ದೆಯಾಯಿತು.

ಇದು ಅತ್ತೆಯಲ್ಲ ಎಂದುಕೊಂಡಳು ಸೊಸೆ. ಆದರೂ ಇನ್ನೊಂದು ಮಾತು ಕೇಳಿಬಿಡೋಣ, ಒಂದೇ ಒಂದು ಎಂದು ಮನಸ್ಸು ಹಟ ಹಿಡಿಯಿತು. ಅವಳು ಕೈ ಕಿತ್ತುಕೊಂಡಳು.

"ಒಂದು ಗಳಿಗೆ ಕೂತ್ಕೋಬಾರದಾ?" ಎಂದ ಗಂಡ. "ಯಾವತ್ತೂ ಇಲ್ಲದೆ ಇವತ್ತು ಅಮ್ಮ ಬಾಯಿ ಬಿಟ್ಟು ಹೇಳ್ತಿದ್ದಾಳೆ. ಅದೂ ಬೇಡವಾ ನಿನಗೆ?"

"ಯಾವತ್ತೂ ಇಲ್ಲದೆ ಹೇಳ್ತಿದ್ದಾರಲ್ಲ, ಅದಕ್ಕೇ."

ಗಾಡಿಯಿಂದ ಸಕ್ಕರೆ ನೋಡುವ ಮಿಷನ್ನು ತೆಗೆದು ಮುದುಕಿಯ ಬೆರಳಿಗೆ ಸೂಜಿ ಚುಚ್ಚಿದಳು. ಬೇರೆ ದಿನವಾಗಿದ್ದರೆ ವಾರ್ಡಿನ ಹೆಂಚು ಹಾರುವಂತೆ ಕೂಗುತ್ತಿದ್ದ ಮುದುಕಿ ಮಗುವಿನ ಹಾಗೆ ನಕ್ಕಳು. ಮಿಷನ್ನು ನೋಡಿದರೆ ರಕ್ತದ ಸಕ್ಕರೆ ಪಾತಾಳಕ್ಕಿಳಿದಿತ್ತು, ಬುದ್ಧಿ ಮಂಕಾಗಿ ಬಾಯಿ ಏನೇನೋ ಆಡುವಷ್ಟು.

ಸಿಸ್ಟರ್ ಕೂಗಿದ ಕೂಗಿಗೆ ಓಡಿಬಂದ ಗಡಿಬಿಡಿಯ ಮುಖ ಬಿಳಿಚಿಕೊಂಡಿತು. ತಿಂಡಿ ಬಂದ ಮೇಲೇ ಇನ್ಸುಲಿನ್ ಕೊಟ್ಟೆ, ತಿರುಗಿ ಬಂದು ನೋಡಿದಾಗ ತಟ್ಟೆ ಖಾಲಿಯಿತ್ತು, ಒಂದು ಚೂರು ಬ್ರೆಡ್ಡೂ ಉಳಿದಿರಲಿಲ್ಲ ಎಂದು ತೊದಲಿದಳು.

ಇನ್ಸುಲಿನ್ ಚುಚ್ಚಿದ ಮೇಲೆ ತಿಂಡಿ ತಿನ್ನದಿದ್ದರೆ ಸಕ್ಕರೆ ಹೀಗೇ ಕುಸಿಯುತ್ತದೆ. ಸಿಸ್ಟರ್ ಗಂಡನ ಕಡೆ ತಿರುಗಿದಳು. "ಯಾರು ತಿಂದಿದ್ದು?"

ಅವನ ಕೈ ತಾನಾಗಿಯೇ ಅಂಗಿಯ ಮೇಲಿನ ಪುಡಿ ಕೊಡವಿತು. "ಅಮ್ಮನೇ ಕೊಟ್ಟಳು. ನನಗೆ ಸೇರ್ತಿಲ್ಲ, ನಿನ್ನ ಹೊಟ್ಟೆ ಬೆನ್ನಿಗಂಟಿದೆ, ತಿನ್ನು ಅಂದಳು. ತಟ್ಟೆ ಹಾಗೇ ವಾಪಸ್ ಹೋದ್ರೆ ನರ್ಸಮ್ಮ ಬೈತಾಳೆ, ಬೇಗ ಮುಗಿಸು ಅಂದಳು."

ಸಿಸ್ಟರ್ ಬಾಯಿ ತುಂಬ ಬೈಗುಳವಿತ್ತು, ಬೈಯಲು ಹೊತ್ತಿರಲಿಲ್ಲ. ಮುದುಕಿಯ ರೆಪ್ಪೆ ಮುಚ್ಚುತ್ತಿತ್ತು, ಗದ್ದ ಎದೆಗೆ ಬಿದ್ದಿತ್ತು. ಗಂಡ ಗಾಬರಿಯಲ್ಲಿ ಪಕ್ಕದವಳ ಹಣ್ಣಿನ ರಸದ ಲೋಟ ಎತ್ತಿ ತಾಯಿಯ ಬಾಯಿಗೆ ಹಿಡಿಯಲು ಹೋದ. ಸಿಸ್ಟರ್ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಈಗ ಬಾಯಿಗೆ ಹುಯ್ದದ್ದು ಹೊಟ್ಟೆಗೆ ಹೋಗುವುದಿಲ್ಲ, ಉಸಿರಿಗೆ ಅಡ್ಡ ಬರುತ್ತದೆ ಎಂದಳು. ಡಾಕ್ಟರನ್ನು ಕರೆತರಲು ಗಡಿಬಿಡಿಯನ್ನು ಅಟ್ಟಿದಳು. ಆ ಹೆಂಗಸಿನ ಓಟ ಅವತ್ತು ಕೆಲಸಕ್ಕೆ ಬಂತು. ಇಂಥ ಹೊತ್ತಿಗೆ ಯಾರನ್ನೂ ಕಾಯದೆ ಕೊಡಬೇಕೆಂದು ವಾರ್ಡಿನಲ್ಲಿಟ್ಟಿದ್ದ ಗ್ಲೂಕೋಸನ್ನು, ಮುಂಗೈಗೆ ಮೊದಲೇ ಹಾಕಿದ್ದ ಸೂಜಿಯ ಮೂಲಕ ಏರಿಸತೊಡಗಿದಳು. ಬೇಗ, ಬೇಗ ಎನ್ನುತ್ತಿತ್ತು ಎದೆ. ಕೈ ಕೇಳಲಿಲ್ಲ, ಸಿರಿಂಜನ್ನು ನಿಧಾನವಾಗಿಯೇ ಒತ್ತಿತು.

ಡಾಕ್ಟರು ಬಂದು, ಮಾಡಿದ್ದು ಸರಿ ಎಂಬಂತೆ ತಲೆಯಾಡಿಸಿ ನಿಂತಿದ್ದಾಗ ಮುದುಕಿ ಕಣ್ಣು ಬಿಟ್ಟಳು. ಸುತ್ತ ನಿಂತವರನ್ನೆಲ್ಲ ನೋಡಿದಳು. ಕೊನೆಗೆ ಸೊಸೆಯನ್ನು ನೋಡಿದಳು.

"ಏನೇ, ನನ್ನ ಮೈಮೇಲೆ ಬಿದ್ದಿದ್ದೀಯ? ಇಷ್ಟು ದೊಡ್ಡ ಆಸ್ಪತ್ರೇಲಿ ಬೇರೆ ಯಾರೂ ಸಿಗಲಿಲ್ವಾ?"

ಗಂಡ ಅಳುವೋ ನಗುವೋ ತಿಳಿಯದ ದನಿಯಲ್ಲಿ, ಅಮ್ಮಾ, ಈಗ ನೀನು ಇವಳಿಗೆ ಏನಂದೆ ಗೊತ್ತಾ ಎಂದು ಶುರುಮಾಡಿದ. ಹೆಂಡತಿ ಕಣ್ಣಲ್ಲೇ ತಡೆದಳು.

"ಏನಂದೆ?" ಮುದುಕಿಗೆ ಅನುಮಾನ.

"ಹೊಸದೇನಿಲ್ಲ, ಬೈದ್ರಿ," ಎಂದಳು ಸೊಸೆ. "ಬೇರೆ ತಿಂಡಿ ತರಿಸ್ತೀನಿ. ನನ್ನ ಕಣ್ಣೆದುರೇ ತಿನ್ನಬೇಕು."

"ನಿನ್ನ ಮುಖ ನೋಡ್ಕೊಂಡು ಯಾರಿಗೆ ಇಳಿಯುತ್ತೆ?"

ಇಳಿಯಿತು. ಕೊನೆಯ ತುತ್ತಿನವರೆಗೂ ಸೊಸೆ ಅಲ್ಲೇ ನಿಂತಿದ್ದಳು. ಮತ್ತೆ ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಬೈಸಿಕೊಂಡಳು. ಗೋಡೆಗೆ ಒರಗಿ ಅಳುತ್ತಿದ್ದ ಗಡಿಬಿಡಿಯ ಭುಜ ಮುಟ್ಟಿ, ಇಬ್ಬರೂ ಹಿರಿಯ ಸಿಸ್ಟರ್ ಹತ್ತಿರ ಹೋಗಿ ಆದದ್ದನ್ನು ಆದ ಹಾಗೇ ಹೇಳೋಣ ಎಂದಳು. "ಇನ್ಮೇಲೆ ತಟ್ಟೆ ನೋಡ್ಬೇಡ, ಬಾಯಿ ನೋಡು. ನಾನಂತೂ ಅವರ ಬಾಯಿಗೆ ಹೆದರಿ ಈ ಕಡೆ ತಲೆನೇ ಹಾಕಿರ್ಲಿಲ್ಲ."

ಕಿಟಕಿ ಸಾಲಿನಲ್ಲಿ ಒಬ್ಬಳ ಗಾಯಕ್ಕೆ ಬಟ್ಟೆ ಬದಲಿಸುವುದಿತ್ತು. ಸಿಸ್ಟರ್ ಮೂಲೆಯ ಬೇಸಿನ್ನಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಸುರಿಯುತ್ತಿತ್ತು. ಅತ್ತೆ ಪುಣ್ಯ ಎಂದು ಹಿಡಿದಿದ್ದ ಬಲಗೈಯನ್ನು ಅದರಿಂದ ತುಸು ಆಚೆಗೇ ಹಿಡಿದು ನಿಂತಿದ್ದಳು. ಹಿಂದಿನಿಂದ ಯಾರೋ ಸಿಸ್ಟರ್ ಎಂದು ಕರೆದರು. ಬಂದೆ ಎಂದು ಸೋಪು ಎತ್ತಿಕೊಂಡಳು.