ತುಳಸಿದಾಸರ ದನಿ

ಕಾರವಾರದ ದೇವಬಾಗ ಕಡಲತೀರದಲ್ಲಿ ಆ ದಿನದ ಶೂಟಿಂಗ್ ಮುಗಿದಿತ್ತು. ಮಾನಸಾ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ, ದೊಡ್ಡಪ್ಪ ತುಳಸಿದಾಸರ ಮುಖದ ಬಣ್ಣವನ್ನು ಒರೆಸುತ್ತಿದ್ದಳು.

ಮೂವತ್ತು ವರ್ಷದಿಂದ ಸಿನಿಮಾ, ಧಾರಾವಾಹಿಗಳಲ್ಲಿ ಅವರು ಪೇದೆಯಾಗಿದ್ದರು, ಅಡುಗೆಯವರಾಗಿದ್ದರು, ಹುಡುಗಿಯ ಅಪ್ಪನಾಗಿದ್ದರು. ಆದರೆ ಜನ ಅವರ ದನಿ ಕೇಳಿದ್ದೇ ಇಲ್ಲ. ಮಾತಿನಲ್ಲಿ ಕರಾವಳಿಯ ರಾಗವಿದೆಯೆಂದು ಡಬ್ಬಿಂಗಿನಲ್ಲಿ ಪ್ರತಿ ಸಲವೂ ಬೇರೆಯವರಿಂದ ಮಾತಾಡಿಸುತ್ತಿದ್ದರು. ಅಂಕೋಲೆಯಲ್ಲಿ ಸನ್ಮಾನ ಮಾಡಿದಾಗ, ಅವರು ಮೈಕಿನಲ್ಲಿ ಮಾತಾಡಿದ್ದೇ ತಡ, "ಅಯ್ಯ, ಇವ್ರ ದನಿ ಹೀಂಗಾ? ಟೀವಿಯಲ್ಲೇ ಚಲೋ ಇತ್ತು" ಎಂದು ಹೆಂಗಸೊಬ್ಬಳು ನಕ್ಕಿದ್ದಳು.

ಈ ಸಲದ ಪಾತ್ರ ಕಾರವಾರದ ಮೀನುಗಾರನದು. ಇದಕ್ಕಾದರೂ ತನ್ನ ದನಿಯೇ ಬೇಕಾಗುತ್ತದೆಂದು ದೊಡ್ಡಪ್ಪ ನಂಬಿದ್ದರು.

ಸಹಾಯಕ ನಿರ್ದೇಶಕ ಬಂದ. "ಸಾರ್, ಡಬ್ಬಿಂಗಿಗೆ ನೀವು ಬರೋದು ಬೇಡ. ಮೀನುಗಾರರ ಮಾತನ್ನ ಸೂಪರಾಗಿ ಮಾಡೋರು ಒಬ್ರು ಬೆಂಗಳೂರಲ್ಲೇ ಇದಾರೆ."

"ಹಂಗಾರೆ ನಾ ಎಂತಕ್ಕೆ? ಬಾಯಿ ಅಲ್ಲಾಡ್ಸೂಕಾ? ನನ್ನಪ್ಪ ಇದೇ ನೀರಲ್ಲಿ ಬಲೆ ಬೀಸ್ದವ ಮಾರಾಯಾ!"

"ಮುಖ ನಿಮ್ದೇ ಇರುತ್ತಲ್ಲ ಸಾರ್" ಎಂದು ಅವನು ನಕ್ಕ.

ದೊಡ್ಡಪ್ಪ ತಲೆ ತಗ್ಗಿಸಿದರು. ಮಾನಸಾಳ ಮೈಯೆಲ್ಲ ಉರಿಯಿತು. ಹೊಸಬರೆದುರು ಬಾಯಿಬಿಡದ ಹುಡುಗಿ ಎಣ್ಣೆಗೈಯಲ್ಲೇ ಎದ್ದು ಹೋಗಿ ನಿರ್ದೇಶಕರ ಮುಂದೆ ನಿಂತು, "ಸಾರ್" ಎಂದಳು. ಅವರು ಮಾನಿಟರಿನಿಂದ ಕಣ್ಣೆತ್ತಲಿಲ್ಲ. ಅವಳು ಇನ್ನೊಮ್ಮೆ, ಗಟ್ಟಿಯಾಗಿಯೇ ಹೇಳಿದಳು:

"ಸಾರ್, ಇದೊಂದು ಸಲ ನಮ್ಮ ದೊಡ್ಡಪ್ಪನ ದನಿನೇ ಇಡ್ರಿ."