ಕಿಟಕಿಯಲ್ಲಿದ್ದ ಹುಡುಗ

ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುವಾಗ ಮಗಳು ಹದ ತಪ್ಪಲಿಲ್ಲ. ತಪ್ಪಿದ್ದರೆ ಬಿಳಿ ಶರ್ಟಿನ ಜೊತೆಗೆ ಅಪ್ಪನ ಹೆಸರೂ ಸುಟ್ಟುಹೋಗುತ್ತಿತ್ತು. ಬೀದಿಗೆಲ್ಲ ಇಸ್ತ್ರಿ ಮಾಡಿಕೊಟ್ಟವನು ಕೊನೆಯ ದಿನ ಸುಕ್ಕು ಬಟ್ಟೆಯಲ್ಲಿ ಹೊರಟರೆ ಬೀದಿ ನಾಯಿಯೂ ನಕ್ಕೀತು. ಅಪ್ಪನನ್ನು ಅಂಗಡಿಯ ಇಸ್ತ್ರಿ ಮೇಜಿನ ಮೇಲೆಯೇ ಮಲಗಿಸಿದ್ದರು. ಅವನ ಕಾಲ ಬುಡದಲ್ಲಿ ಉಳಿದ ಮೊಳದಗಲ ಜಾಗದಲ್ಲಿ ಅವಳು ಇಸ್ತ್ರಿಗೆಂದು ಕಂಬಳಿ ಹಾಸಿಕೊಂಡಿದ್ದಳು. ಅಪ್ಪ ಎಂದಿನಂತೆ ಬನಿಯನ್ನಿನಲ್ಲಿದ್ದ, ತನ್ನ ಶರ್ಟಿನ ಸರದಿಗೆ ಕಾಯುವ ಗಿರಾಕಿಯ ಹಾಗೆ.

ಅವನು ತೀಡಿದ ಪ್ಯಾಂಟಿನ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು ಎನ್ನುವುದು ಎದುರಂಗಡಿ ಕ್ಷೌರದವನ ಮಾತು. ಒಬ್ಬ ಗುಮಾಸ್ತ ಆ ಪ್ಯಾಂಟು ಹಾಕಿಕೊಂಡು ಬಸ್ಸಿನಲ್ಲಿ ಕೂತು ಸೀಟು ಕೊಯ್ದಿದ್ದನಂತೆ, ಕಂಡಕ್ಟರು ನಡುದಾರಿಯಲ್ಲೇ ಇಳಿಸಿದನಂತೆ. ಈಗ ಅದೇ ಕ್ಷೌರದವನು ಅಪ್ಪನ ಗಡ್ಡ ಹೆರೆದು, ಅದೇ ಕತೆ ಹೇಳಲು ಬಾಯಿ ತೆರೆದು, ಅರ್ಧಕ್ಕೆ ನುಂಗಿಕೊಂಡು ಸುಮ್ಮನೆ ಕತ್ತಿ ಒರೆಸಿದ.

ಹೊರಗೆ ಶಾಮಿಯಾನದ ಕೆಳಗೆ ಜನ ಕೂತಿದ್ದರು. ಮುಂದಿನ ಕುರ್ಚಿಯಲ್ಲಿ ಚಿಕ್ಕಪ್ಪ, ಅಪ್ಪನ ಒಬ್ಬನೇ ತಮ್ಮ, ನಿವೃತ್ತ ಹೆಡ್‌ಮಾಸ್ತರು. ಚಿಕ್ಕಪ್ಪನ ಮಗನಿಗೆ ಮನೆತನದ ಚರಿತ್ರೆ ಬರೆಯುವ ಹುಚ್ಚು. ನೆಂಟರ ಮನೆಗೆ ಹೋದರೆ ನೀರು ಕುಡಿಯುವ ಮೊದಲೇ ಅಟ್ಟ ಹತ್ತುತ್ತಿದ್ದ. ಶಾಲೆಯ ಬ್ಯಾಡ್ಜು, ತುಕ್ಕು ಹಿಡಿದ ಕಂಪಾಸು ಪೆಟ್ಟಿಗೆ, ಓಟದಲ್ಲಿ ಗೆದ್ದ ಲೋಟ, ಎಲ್ಲವನ್ನೂ ಬಾಚಿಕೊಂಡು ಬಂದು ಇದು ಯಾರ ತಾತನದು, ಅದು ಯಾರ ಮಾವನದು ಎಂದು ಗಂಟು ಹಾಕುತ್ತಿದ್ದ. ಹೋದ ತಿಂಗಳು ಅಂಗಡಿಗೂ ಬಂದು, ಗೋಡೆಯಲ್ಲಿದ್ದ ಶಾಲೆಯ ಗ್ರೂಪ್ ಫೋಟೊ ಕೇಳಿದ. ಅಪ್ಪ ಅದನ್ನು ಮೊಳೆಯಿಂದ ಬಿಡಿಸಿ, ಬನಿಯನ್ನಿನ ಅಂಚಿನಲ್ಲಿ ಒರೆಸಿ ಕೊಟ್ಟ. ಗೋಡೆಯಲ್ಲಿ ಉಳಿದ ಬಿಳಿ ಚೌಕವನ್ನು ಸಂಜೆತನಕ ನೋಡುತ್ತಿದ್ದ.

*

ಆ ಫೋಟೊದ ಕತೆ ಕೇಳಿಯೇ ಮಗಳು ಬೆಳೆದದ್ದು.

ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತಿತ್ತು. ಬೆಳಗಿನದು ಅಣ್ಣನಾದ ಅಪ್ಪನಿಗೆ, ಮಧ್ಯಾಹ್ನದ್ದು ತಮ್ಮನಾದ ಚಿಕ್ಕಪ್ಪನಿಗೆ. ಮನೆಯಲ್ಲಿ ಯೂನಿಫಾರಂ ಶರ್ಟು ಒಂದೇ. ಪಾಳಿ ಬದಲಾಗುವ ಗಂಟೆ ಹೊಡೆದ ಕೂಡಲೆ ಅಣ್ಣ ಶಾಲೆಯ ಗೋಡೆಯ ಹಿಂದೆ ಓಡಿ ಶರ್ಟು ಬಿಚ್ಚಬೇಕು, ತಮ್ಮ ಬೆವರು ಆರುವ ಮೊದಲೇ ತೊಡಬೇಕು. ಹಾಗಾಗಿ ಆ ಶರ್ಟು ಯಾವತ್ತೂ ತಣ್ಣಗಾಗಿದ್ದೇ ಇಲ್ಲ, ಇಸ್ತ್ರಿಯೇ ಬೇಕಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಒಂದು ದಿನ ಫೋಟೊದವನು ಬಂದ. ಎರಡೂ ಪಾಳಿಯವರನ್ನು ಒಟ್ಟಿಗೆ ನಿಲ್ಲಿಸಿದರು. ಗೋಡೆಯ ಹಿಂದೆ ತಮ್ಮ ಬರಿಮೈಯಲ್ಲಿ ಗೋಳೋ ಎಂದ. ಅಣ್ಣ ಗುಂಡಿ ಬಿಚ್ಚಿ ಶರ್ಟನ್ನು ಅವನ ತಲೆಗೆ ಎಸೆದ.

ಸಾಲಿನ ಹಿಂದೆ ಕ್ಲಾಸಿನ ಕಿಟಕಿ ಇತ್ತು. ಫೋಟೊದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸುವುದೂ ಅಣ್ಣ ಒಳಗಿನಿಂದ ಕಿಟಕಿಯಲ್ಲಿ ತಲೆ ಹಾಕುವುದೂ ಒಂದೇ ಆಯಿತು. ಮೇಷ್ಟ್ರೇ ಬೆಳಕಿಗೆ ಹೆದರಿ ಕಣ್ಣು ಮುಚ್ಚಿದ್ದರಂತೆ, ಇವನು ರೆಪ್ಪೆ ಬಡಿಯಲಿಲ್ಲವಂತೆ. ಮರುವರ್ಷ ಶರ್ಟು ಪೂರ್ತಿ ತಮ್ಮನದಾಯಿತು. ಅಣ್ಣನ ಕೈಗೆ ಇಸ್ತ್ರಿಪೆಟ್ಟಿಗೆ ಬಂತು.

ಅನ್ಯಾಯ ಅನಿಸುವುದಿಲ್ಲವೇ ಎಂದು ಮಗಳು ಒಮ್ಮೆ ಕೇಳಿದ್ದಳು. ಅಪ್ಪ ಕೆಂಡ ಊದುತ್ತಿದ್ದ.

"ಶರ್ಟು ಒಂದೇ ಇದ್ರೆ ಇಬ್ರಲ್ಲಿ ಒಬ್ಬ ಬರಿಮೈ. ಅದಕ್ಕೆ ಯಾರೇನು ಮಾಡ್ತಾರೆ? ಫೋಟೊದಲ್ಲಂತೂ ಇದ್ದೀನಲ್ಲ, ಬಿಡು."

*

ಅಂಗಡಿ ಫಕ್ಕನೆ ಮಂಕಾಯಿತು. ಮೇಜಿಗೆ ತಾಗಿದಂತಿದ್ದ, ಬಟ್ಟೆ ಕೊಟ್ಟು ತೆಗೆದುಕೊಳ್ಳುವ ಮುಂದಿನ ಅಗಲ ಕಿಂಡಿಗೆ ಯಾರೋ ಹೊರಗಿನಿಂದ ಫ್ಲೆಕ್ಸು ಕಟ್ಟುತ್ತಿದ್ದರು. ಮಗಳು ಹೊರಗೆ ಬಂದು ನೋಡಿದಳು.

ಅದೇ ಫೋಟೊ, ಬಾಗಿಲಗಲ ದೊಡ್ಡದಾಗಿತ್ತು. ಮಧ್ಯದಲ್ಲಿ ಚಿಕ್ಕಪ್ಪನ ಪುಟ್ಟ ತಲೆಯ ಸುತ್ತ ಚಿನ್ನದ ಬಣ್ಣದ ಬಳೆ, ಮೇಲೆ 'ನಮ್ಮ ಮನೆತನದ ಮೊದಲ ವಿದ್ಯಾರ್ಥಿ' ಎಂಬ ಅಕ್ಷರ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಅಪ್ಪನ ಈಚಿನ ಮುಖ. ಚಿಕ್ಕಪ್ಪನ ತಲೆಯ ಮೇಲಿನ ಕಿಟಕಿಗೆ ಕದ ಬಂದಿತ್ತು, ಹೊಸದಾಗಿ ಬಣ್ಣ ಹೊಡೆದಂಥ ಕದ.

"ಕಿಟಕೀಲಿದ್ದ ಹುಡುಗ ಎಲ್ಲೋ?"

ಚಿಕ್ಕಪ್ಪನ ಮಗ ದಾರದ ಗಂಟು ಬಿಗಿಯುತ್ತಲೇ ಹೇಳಿದ. "ಯಾವನೋ ಬರಿಮೈ ಪೋರ ಅಡ್ಡ ಬಂದಿದ್ದ ಅಕ್ಕ. ಕಂಪ್ಯೂಟರ್‌ನವನಿಗೆ ಹೇಳಿ ಕಿಟಕಿ ಮುಚ್ಚಿಸ್ದೆ. ಎಷ್ಟು ಕ್ಲೀನಾಗಿದೆ ನೋಡು."

ಹಳೆಯ ಫೋಟೊ ಕೇಳಿದರೆ, ಅದು ಮುಟ್ಟಿದರೆ ಉದುರುತ್ತಿತ್ತು, ಎಸೆದೆ ಎಂದ. ಎಸೆದದ್ದನ್ನೂ ಬಹುಮಾನ ಗೆದ್ದವನಂತೆ ಹೇಳಿದ.

ಮಗಳು ಅವನನ್ನು ಬೈಯಲಿಲ್ಲ. ಇವನಿಗೆ ಗೊತ್ತಿಲ್ಲ. ಗೊತ್ತಿದ್ದವನು ಕುರ್ಚಿಯಲ್ಲಿ ತೋಳಿನ ಮಡಿಕೆ ಸರಿಮಾಡಿಕೊಳ್ಳುತ್ತಿದ್ದ.

"ಚಿಕ್ಕಪ್ಪ, ಆ ಹುಡುಗ ಯಾರು ಅಂತ ಈ ಜನರ ಮುಂದೆ ಹೇಳಿ."

ಚಿಕ್ಕಪ್ಪ ತಲೆ ಎತ್ತಲಿಲ್ಲ. "ಸಾವಿನ ಮನೇಲಿ ಇದೆಲ್ಲ ಯಾಕಮ್ಮ? ನನ್ನ ಶಿಷ್ಯರೆಲ್ಲ ಬಂದಿದ್ದಾರೆ."

"ಅದಕ್ಕೇ ಹೇಳಿ ಅಂತಿದ್ದೀನಿ."

"ಆಮೇಲೆ ನೋಡೋಣ."

ಶವ ಒಯ್ಯುವ ವ್ಯಾನು ಬೀದಿ ತುದಿಯಲ್ಲಿ ತಿರುಗುತ್ತಿತ್ತು. ಆಮೇಲೆ ಎನ್ನುವುದು ಉಳಿದೇ ಇರಲಿಲ್ಲ. ಶಿಷ್ಯರು ಚಪ್ಪಲಿ ನೋಡಿಕೊಂಡರು. ಕ್ಷೌರದವನೊಬ್ಬನೇ ಬಾಗಿಲಿಗೆ ಒರಗಿ, ತಣ್ಣಗೆ ಕೇಳಿದ.

"ಮೇಷ್ಟ್ರೇ, ಶರ್ಟು ಗರಿಗರಿಯಾಗಿದೆ. ಯಾರ ಇಸ್ತ್ರಿ?"

ಚಿಕ್ಕಪ್ಪನ ಕೈ ಕಾಲರಿಗೆ ಹೋಗಿ ಅಲ್ಲೇ ನಿಂತಿತು.

ಮಗಳು ಒಳಗೆ ಹೋದಳು. ಕ್ಷೌರದವನ ನೆರವಿನಿಂದ ಅಪ್ಪನಿಗೆ ಶರ್ಟು ತೊಡಿಸಿದಳು, ಕುತ್ತಿಗೆಯವರೆಗೆ ಗುಂಡಿ ಹಾಕಿದಳು. ತಲೆಯ ಕೆಳಗೆ ಮಡಿಸಿದ ಬಟ್ಟೆಗಳ ಗಂಟೊಂದನ್ನು ಇಟ್ಟು, ಮುಖ ಕಿಂಡಿಯ ಕಡೆಗೆ ತಿರುಗುವಂತೆ ಮಾಡಿದಳು. ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಬಿಸಿಲಿಗೆ ಫ್ಲೆಕ್ಸಿನ ಚಿತ್ರ ಒಳಗಿನಿಂದಲೂ ಕಾಣುತ್ತಿತ್ತು, ಎಡದವರು ಬಲಕ್ಕೆ, ಬಲದವರು ಎಡಕ್ಕೆ. ಅವಳು ಬೆರಳಾಡಿಸಿ ಆ ಕದವನ್ನು ಹುಡುಕಿದಳು. ಕಾಲರಿಗೆ ಒತ್ತುವಷ್ಟೇ ಹದವಾಗಿ ಪೆಟ್ಟಿಗೆ ಒತ್ತಿದಳು.

ಹೊರಗೆ ಮೊದಲು ಕಮರು ವಾಸನೆ ಬಂತು. ಆಮೇಲೆ ಕಿಟಕಿಯ ಕದ ಕಂದಿ, ಗುಳ್ಳೆಯೆದ್ದು, ಅಂಚು ಸುರುಟಿಕೊಂಡು ಬಿಚ್ಚಿತು. ಜನ ಕುರ್ಚಿಯಿಂದ ಎದ್ದರು. ಚಿಕ್ಕಪ್ಪನೂ ಏಳಬೇಕಾಯಿತು.

ಚಿನ್ನದ ಬಳೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ತೂತು. ತೂತಿನ ಆಚೆ ಅಪ್ಪನ ಮುಖ. ಈ ಸಲ ಮೈಮೇಲೆ ಶರ್ಟಿತ್ತು.